ಅಲ್ಸೀನಳ ಕಪ್ಪು ಕಳಚಲು ಹೊರಟ ಹಂದಿ

ಹೆಣ್ಣು ಕೊಟ್ಟ ಮನೆಯವರು ಹಂದಿ ಕೊಡಬೇಕು, ಹೆಣ್ಣು ತಂದುಕೊಂಡ ಮನೆಯವರು ಎಮ್ಮೆ ಕೊಡಬೇಕು. ಇದು ನಮ್ಮ ಬಾಲಿಬೊ ಗುಡ್ಡದಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಮದುವೆಯಾಗಲಿ, ಸಾವಾಗಲಿ, ಲೆಕ್ಕ ತಪ್ಪುವಂತಿಲ್ಲ. ಎಮ್ಮೆ ಕೊಡಬೇಕಾದಲ್ಲಿ ಹಂದಿ ಕೊಟ್ಟರೆ ಜಗಳ. ಹಂದಿ ಕೊಡಬೇಕಾದಲ್ಲಿ ಬರಿಗೈಯಲ್ಲಿ ಹೋದರೆ ಅದಕ್ಕಿಂತ ದೊಡ್ಡ ಜಗಳ. ಹಾಗಾಗಿ ನಮ್ಮ ಹಿತ್ತಿಲಲ್ಲಿದ್ದ ಆ ಒಂದು ಹಂದಿಗೆ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇತ್ತು. ನನಗೆ ನಿನ್ನೆಯ ತಣ್ಣನೆ ಜೋಳ, ಅದಕ್ಕೆ ಬಿಸಿ ಗಂಜಿ.

ಆ ಹಂದಿಗೆ ನಾವು ಹೆಸರಿಟ್ಟಿರಲಿಲ್ಲ. ಹೆಸರಿಟ್ಟರೆ ಕೊಡುವಾಗ ಕೈ ಬರುವುದಿಲ್ಲ. ಆದರೆ ಅದು ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು. ಅದು ಅಲ್ಸೀನಳ ಹಂದಿ.

ಅಲ್ಸೀನ ನನ್ನ ಗಂಡ ಅಗಪಿತುವಿನ ಒಬ್ಬಳೇ ತಂಗಿ. ಬೇರೆ ದೇಶವಾಗಬೇಕೆಂದು ನಾವು ಮತ ಹಾಕಿದ್ದಕ್ಕೆ ಊರಿಗೆ ಊರೇ ಉರಿದ ಆ ವರ್ಷ ಅವಳಿಗೆ ಹೊಸದಾಗಿ ಮದುವೆಯಾಗಿತ್ತು. ಗಂಡ ಅವಳನ್ನು ಲಾರಿ ಹತ್ತಿಸಿಕೊಂಡು ಗಡಿಯಾಚೆ ಹೊರಟ. "ಗಲಾಟೆ ತಣ್ಣಗಾದ ಮೇಲೆ ಬರ್ತೀವಣ್ಣ, ಕೋಳಿಗೆ ಕಾಳು ಹಾಕ್ತಿರು" ಎಂದು ಲಾರಿಯ ಮೇಲಿಂದ ಕೂಗಿದಳಂತೆ. ಆಮೇಲೆ ಗಡಿ ನಿಜವಾದ ಗಡಿಯಾಯಿತು. ಈಚೆ ಒಂದು ದೇಶ, ಆಚೆ ಇನ್ನೊಂದು ದೇಶ. ಅವಳು ಅತಂಬುವಾ ಪಟ್ಟಣದ ಹತ್ತಿರ ಉಳಿದುಬಿಟ್ಟಳು. ಮಕ್ಕಳು ಅಲ್ಲೇ ಹುಟ್ಟಿದವು, ಅಲ್ಲೇ ಓದಿದವು. ನಮ್ಮ ಅಂಗಳದ ತುದಿಯಲ್ಲಿ ನಿಂತರೆ ಅವಳ ಕಡೆಯ ಗುಡ್ಡ ಕಾಣುತ್ತದೆ. ಸಂಜೆ ಹೊತ್ತು ಅಗಪಿತು ಅಲ್ಲಿ ಹೋಗಿ ನಿಲ್ಲುತ್ತಾನೆ. ಕೇಳಿದರೆ "ಮೋಡ ನೋಡ್ತಿದ್ದೆ" ಅನ್ನುತ್ತಾನೆ. ಬೇಸಿಗೆಯಲ್ಲೂ ಅದೇ ಉತ್ತರ.

ಕಳೆದ ವರ್ಷ ಅವಳ ಗಂಡ ತೀರಿಕೊಂಡ. ಅಂದಿನಿಂದ ಅಲ್ಸೀನ ಕಪ್ಪು ಉಟ್ಟಿದ್ದಳು. ವರ್ಷ ತುಂಬಿದ ಮೇಲೆ ಕಪ್ಪು ಕಳಚುವ ಶಾಸ್ತ್ರ. ಅದಕ್ಕೆ ತವರಿನಿಂದ ಹಂದಿ ಬರಬೇಕು, ತವರಿನ ಮಗ್ಗದಲ್ಲಿ ನೇಯ್ದ ತಾಯ್ಸ್ ಬಟ್ಟೆ ಬರಬೇಕು, ಅಣ್ಣನ ಕೈ ಬರಬೇಕು. ನಮ್ಮ ಕುಲದಲ್ಲಿ ಇದಿಲ್ಲದೆ ಕಪ್ಪು ಇಳಿಯುವುದಿಲ್ಲ.

"ಅತ್ತಿಗೆ, ಹಂದಿ ಹೇಗಿದೆ?" ಎಂದು ಅವಳು ಫೋನಿನಲ್ಲಿ ಕೇಳುತ್ತಿದ್ದಳು.

"ನಿಮ್ಮಣ್ಣನಿಗಿಂತ ಚೆನ್ನಾಗಿದೆ. ಹೇಳಿದ ಮಾತು ಕೇಳುತ್ತೆ."

ಅವಳು ನಗುತ್ತಿದ್ದಳು. ನಕ್ಕು ಮುಗಿಸಿ, "ಅತ್ತಿಗೆ, ಬಾವಿ ಹತ್ರ ಆ ಜಾರೋ ಕಲ್ಲು ಇನ್ನೂ ಇದೆಯಾ? ಜೋಳ ಹುರಿಯೋ ಮಡಕೆ ಅಮ್ಮಂದೇನಾ ಇನ್ನೂ?" ಎಂದು ಕೇಳುತ್ತಿದ್ದಳು. ಮಡಕೆ ಒಡೆದು ಎಷ್ಟೋ ಕಾಲವಾಗಿತ್ತು. "ಅದೇ ಮಡಕೆ" ಅನ್ನುತ್ತಿದ್ದೆ ನಾನು.

ಹೀಗಿರುವಾಗ ನಮ್ಮ ದೇಶ ಆಸಿಯಾನ್ ಕೂಟಕ್ಕೆ ಸೇರಿತು. ನಿಮಗೂ ನೆನಪಿರುತ್ತದೆ. ರೇಡಿಯೋದಲ್ಲಿ ಇಡೀ ದಿನ ಅದೇ ಸುದ್ದಿ. ಹತ್ತು ದೇಶಗಳ ಕೂಟಕ್ಕೆ ನಾವು ಹನ್ನೊಂದನೆಯವರು. ನನ್ನ ಎರಡನೆಯ ಮಗಳು ಹನ್ನೊಂದು ಬಾವುಟವನ್ನೂ ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಅಳಿಸಲು ಹೋದರೆ "ಅಮ್ಮಾ, ದೇಶಕ್ಕೆ ಅವಮಾನ ಮಾಡ್ಬೇಡ" ಎಂದಳು. ಹಾಗೇ ಬಿಟ್ಟೆ.

ಅಗಪಿತು ಮಾತ್ರ ಬಾವುಟ ನೋಡಲಿಲ್ಲ. ಅವನು ಹಂದಿಯನ್ನು ನೋಡಿದ.

"ಜುಲ್ಮೀರಾ, ಇನ್ನು ಗಡಿ ಗೇಟಿನ ಕಾಟ ಇಲ್ಲ ಕಣೆ. ಒಂದೇ ಮನೆ ಆಯ್ತು. ರಾಜಮಾರ್ಗದಲ್ಲಿ ಹೊಡ್ಕೊಂಡು ಹೋಗ್ತೀನಿ."

ಅವನ ಮುಖ ಅಷ್ಟು ಅರಳಿದ್ದನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ. ತಂಗಿಗೆ ಆಗಲೇ ಫೋನ್ ಮಾಡಿ ಹೇಳಿಯೂಬಿಟ್ಟಿದ್ದ.

ನಮ್ಮ ಪಕ್ಕದ ಮನೆಯ ರೊಮಾನ ಬಾತುಗಡೆ ಸಂತೆಯಲ್ಲಿ ಈರುಳ್ಳಿ, ಅಡಿಕೆ, ವೀಳ್ಯದೆಲೆ ಮಾರುತ್ತಾಳೆ. ಬಾತುಗಡೆ ಎಂದರೆ ಗಡಿಯ ಗೇಟಿನ ಊರು. ಗಡಿಭಾಗದ ವ್ಯಾಪಾರಿ ಹೆಂಗಸರಿಗೆ ಹೊಸ ಕೂಟದ ಬಗ್ಗೆ ತಿಳಿಸಿಕೊಡುವ ಶಿಬಿರಕ್ಕೂ ಹೋಗಿ ಬಂದಿದ್ದಳು. ಅವತ್ತು ಉಪ್ಪು ಕೇಳಲು ಬಂದವಳು ಅಗಪಿತುವಿನ ಮಾತು ಕೇಳಿ ಹೊಸ್ತಿಲಲ್ಲೇ ನಿಂತಳು.

"ಅಗಪಿತಣ್ಣ, ಯಾವ್ ಮನೆ ಒಂದಾಯ್ತು?"

"ಹನ್ನೊಂದು ದೇಶದ ಮನೆ. ರೇಡಿಯೋ ಕೇಳಲ್ವಾ ನೀನು? ಒಂದೇ ಕುಟುಂಬ ಅಂತ ದೊಡ್ಡೋರೆಲ್ಲ ಹೇಳಿದ್ರು."

"ನೀವೂ ನಿಮ್ಮ ತಮ್ಮನೂ ಒಂದೇ ಕುಟುಂಬ ಅಲ್ವಾ? ಮತ್ಯಾಕೆ ಕಾಫಿ ತೋಟದ ಮಧ್ಯೆ ಬೇಲಿ ಹಾಕಿದೀರಿ?"

ನನಗೆ ನಗು ತಡೆಯಲಾಗಲಿಲ್ಲ. ಅಗಪಿತು ನನ್ನ ಕಡೆ ಕೆಕ್ಕರಿಸಿ ನೋಡಿದ.

"ಆ ವಿಷಯ ಬೇರೆ. ಈಗ ಹೇಳು, ಕೂಟಕ್ಕೆ ಸೇರಿದ್ವಿ ಅಂದ್ರೆ ಸಂಬಂಧ ಬೆಳೆಸಿದ್ವಿ ಅಂತ ತಾನೇ? ಹಾಗಾದ್ರೆ ನಾವು ಹೆಣ್ಣು ಕೊಟ್ಟೋರೋ, ತಂದ್ಕೊಂಡೋರೋ? ಎರಡರಲ್ಲಿ ಒಂದು ಆಗ್ಲೇಬೇಕಲ್ಲ. ಹೆಣ್ಣು ಕೊಟ್ಟೋರಾದ್ರೆ ನಮ್ಮ ಹಂದಿ ಬೇಡ ಅನ್ನೋಕೆ ಅವ್ರಿಗೆ ಹಕ್ಕಿಲ್ಲ."

ಇದೊಂದು ಪ್ರಶ್ನೆಯನ್ನು ಶಿಬಿರದಲ್ಲಿ ಯಾರೂ ಕೇಳಿರಲಿಲ್ಲವೇನೋ. ರೊಮಾನ ಉಪ್ಪಿನ ಬಟ್ಟಲನ್ನು ಕೆಳಗಿಟ್ಟು ಕುಳಿತಳು.

"ಎರಡೂ ಅಣ್ಣ. ಅದೇ ಇದರಲ್ಲಿರೋ ತೊಡಕು. ಕೊಡೋರೂ ನಾವೇ, ತಗೊಳ್ಳೋರೂ ನಾವೇ. ಮೊದ್ಲು ಪ್ರತಿ ಮನೆಗೂ ಒಂದು ಬೇಲಿ ಇತ್ತು. ಹೊರಗಿನ ಸಾಮಾನು ಬಂದ್ರೆ ಬೇಲಿ ಹತ್ರ ಸುಂಕ ಕಟ್ಬೇಕು. ಈಗ ಕೂಟದೋರು ಏನ್ ಹೇಳ್ತಾರೆ? ನಮ್ಮ ನಮ್ಮೊಳಗೆ ಬೇಲಿ ತಗ್ಗಿಸೋಣ ಅಂತಾರೆ. ಅವ್ರು ನಮ್ಮ ಕಾಫಿಗೆ ತಗ್ಗಿಸ್ತಾರೆ, ನಾವು ಅವ್ರ ಮೊಟ್ಟೆಗೆ ತಗ್ಗಿಸ್ಬೇಕು."

ಮೊಟ್ಟೆ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಾನು ಕೋಳಿ ಸಾಕಿ ಮೊಟ್ಟೆ ಮಾರುವವಳು. ಆಚೆಯಿಂದ ತಟ್ಟೆಗಟ್ಟಲೆ ಬರುವ ಮೊಟ್ಟೆ ಈಗಾಗಲೇ ನನ್ನದಕ್ಕಿಂತ ಅಗ್ಗ.

"ಇನ್ನೂ ಅಗ್ಗ ಆಗುತ್ತಾ ರೊಮಾನ?"

"ಆಗಬಹುದು ಅಕ್ಕ. ಸುಳ್ಳು ಯಾಕೆ ಹೇಳ್ಲಿ? ದೊಡ್ಡ ಮನೆ ಸಂತೆಗೆ ಇಳಿದ್ರೆ ಸಣ್ಣ ಮನೆ ಬುಟ್ಟಿ ಮೂಲೆಗೆ ಹೋಗುತ್ತೆ. ಅದಕ್ಕೇ ಹೊಸದಾಗಿ ಸೇರಿದೋರಿಗೆ ಒಂದಿಷ್ಟು ಕಾಲ ಕೊಡ್ತಾರೆ. ಒಂದೇ ಸಲ ಬೇಲಿ ಕಿತ್ತುಹಾಕು ಅನ್ನಲ್ಲ. ಯಾವ ಸಾಮಾನಿಗೆ ಮೊದಲು, ಯಾವುದಕ್ಕೆ ಕೊನೆಗೆ ಅಂತ ಕೂತು ಮಾತಾಡಿ, ಹಂತ ಹಂತವಾಗಿ ತಗ್ಗಿಸೋದು. ನಮಗಿಂತ ಮೊದ್ಲು, ಆದ್ರೆ ಉಳಿದೋರಿಗಿಂತ ತಡವಾಗಿ ಸೇರಿದ ಬಡ ದೇಶಗಳಿಗೂ ಹಾಗೇ ಕಾಲ ಸಿಕ್ಕಿತ್ತಂತೆ. ಕೆಲವರು ಆ ಕಾಲದಲ್ಲಿ ಮಗ್ಗ, ಗಿರಣಿ, ರಸ್ತೆ ಮಾಡ್ಕೊಂಡ್ರು. ಕೆಲವು ಕಡೆ ಸಣ್ಣ ರೈತರಿಗೆ ವಿಷಯವೇ ಗೊತ್ತಾಗ್ಲಿಲ್ಲ. ಗೊತ್ತಾಗೋ ಹೊತ್ತಿಗೆ ಅವ್ರ ಸಂತೆ ಹೊರಗಿನ ಸಾಮಾನಿನಿಂದ ತುಂಬಿಹೋಗಿತ್ತು."

"ಅದೆಲ್ಲ ಇರ್ಲಿ. ನನ್ನ ಹಂದಿ?" ಎಂದ ಅಗಪಿತು.

"ಹಂದಿ ಬೇರೆ ವಿಷಯ ಅಣ್ಣ. ಬೇಲಿ ತಗ್ಗಿದ್ರೂ ಕಾಯಿಲೆ ಪ್ರಾಣಿ ಇನ್ನೊಬ್ಬರ ಕೊಟ್ಟಿಗೆಗೆ ಹೋಗ್ಬಾರ್ದಲ್ಲ. ಸುಂಕ ಒಂದು, ಕಾಯಿಲೆ ತಡೆಯೋ ಕಾಯ್ದೆ ಇನ್ನೊಂದು. ಕೂಟಕ್ಕೆ ಸೇರಿದ ಮಾತ್ರಕ್ಕೆ ಆ ಕಾಯ್ದೆ ಹೋಗಲ್ಲ. ಇನ್ನೂ ಬಿಗಿಯಾದ್ರೂ ಆಗ್ಬಹುದು. ಮೊದ್ಲು ಗೇಟಲ್ಲಿ ಕೇಳ್ಕೊಂಡು ಬನ್ನಿ, ಆಮೇಲೆ ಹಂದಿ ಹೊರಡಿಸಿ."

"ಎರಡು ದಿನ ಶಿಬಿರದಲ್ಲಿ ಕೋಳಿ ಸಾರು ಉಂಡು ಬಂದು ನನಗೆ ಪಾಠ ಹೇಳ್ತಾಳೆ. ನಿನ್ನ ಉಪ್ಪು ತಗೊಂಡು ಹೋಗಮ್ಮ."

"ಕೋಳಿ ಸಾರಲ್ಲಣ್ಣ, ಬರೀ ನೂಡಲ್ಸು. ಅದೂ ಆಚೆ ದೇಶದ್ದೇ." ರೊಮಾನ ಉಪ್ಪು ತೆಗೆದುಕೊಂಡು ಹೋದಳು.

ಅಗಪಿತು ಕೇಳಲಿಲ್ಲ. ಶಾಸ್ತ್ರಕ್ಕೆ ಇನ್ನೂ ಒಂದು ವಾರವಿತ್ತು. ಹಂದಿ ಮೊದಲೇ ಹೋಗಿ ಅಲ್ಲಿನ ನೀರಿಗೆ ಹೊಂದಿಕೊಳ್ಳಲಿ ಎಂದು ಅದಕ್ಕೆ ಸ್ನಾನ ಮಾಡಿಸಿ, ಬಿದಿರಿನ ಪಂಜರದಲ್ಲಿ ಕೂರಿಸಿ, ಬಾಡಿಗೆ ಪಿಕಪ್ ಗಾಡಿಗೆ ಹತ್ತಿಸಿದ. ತಾನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟ. ನಾನೂ ಜೊತೆಗೆ ಹೊರಟೆ. ಹಿಂದೆ ಅಲ್ಸೀನಳ ಮಗಳ ಮದುವೆಗೆಂದು ಮಾಡಿಸಿದ ಗಡಿ ಪಾಸುಗಳು ನಮ್ಮಿಬ್ಬರಿಗೂ ಇದ್ದವು. ಆ ಮದುವೆಗೆ ಹೋಗಲು ಆಗಿರಲಿಲ್ಲ. ಆ ವರ್ಷವೇ ನಮ್ಮ ಕಡೆ ಹಂದಿಗಳಿಗೆ ಮಾರಿ ಬಡಿದು ಊರಿನ ಗೂಡುಗಳೆಲ್ಲ ಖಾಲಿಯಾಗಿದ್ದವು. ಹಂದಿಯಿಲ್ಲದೆ ಹೋಗುವುದು ಹೇಗೆಂದು ಅವನು ಹೋಗಲೇ ಇಲ್ಲ. ಅಲ್ಸೀನಳ ಗಂಡ ತೀರಿಕೊಂಡಾಗ ಈ ಹಂದಿ ಇನ್ನೂ ಮರಿ, ಆಗಲೂ ಹೋಗಲಿಲ್ಲ.

ಬಾತುಗಡೆ ಗೇಟಿನಲ್ಲಿ ಒಬ್ಬ ಅಧಿಕಾರಿ ಬಂದು ಪಂಜರದೊಳಗೆ ಬಗ್ಗಿ ನೋಡಿದರು. ಒಳ್ಳೆಯ ಮನುಷ್ಯ. ಬೈಯಲಿಲ್ಲ.

"ಎಲ್ಲಿಗೆ ಇದು?"

"ತಂಗಿ ಮನೆಗೆ ಸಾರ್. ಕಪ್ಪು ಕಳಚೋ ಶಾಸ್ತ್ರ."

"ಜೀವಂತ ಹಂದಿ ಬಿಡೋ ಹಾಗಿಲ್ಲಪ್ಪ. ಹಂದಿ ಜ್ವರದ ಭಯ ಇನ್ನೂ ಇದೆ. ಮಾಂಸನೂ ಆಗಲ್ಲ."

"ಸುಂಕ ಎಷ್ಟು ಹೇಳಿ ಸಾರ್, ಕಟ್ತೀನಿ."

"ಸುಂಕದ ಮಾತೇ ಅಲ್ಲ ಇದು. ಸುಂಕ ಸೊನ್ನೆ ಆದ್ರೂ ಬಿಡೋದಿಲ್ಲ."

"ಈಗ ನಾವೆಲ್ಲ ಒಂದೇ ಕೂಟ ಅಲ್ವಾ ಸಾರ್?"

ಅಧಿಕಾರಿ ಹಣೆ ಒರೆಸಿಕೊಂಡರು. ಆ ವಾರ ಈ ಪ್ರಶ್ನೆಯನ್ನು ಅವರಿಗೆ ಕೇಳಿದವರಲ್ಲಿ ನಾವು ಮೊದಲಿಗರಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. "ನಿಮ್ಮಿಬ್ಬರ ಪಾಸು ಸರಿ ಇದೆ. ನೀವು ಹೋಗಿ, ತಂಗಿಯನ್ನ ನೋಡ್ಕೊಂಡು ಬನ್ನಿ. ಹಂದಿ ಇಲ್ಲೇ ಇರ್ಲಿ, ಡ್ರೈವರ್ ನೋಡ್ಕೊಳ್ತಾನೆ."

ಆಗ ನಾನು ಆಚೆ ನೋಡಿದೆ. ಅವರ ಕಡೆಯ ದೊಡ್ಡ ಕಮಾನಿನ ಕೆಳಗೆ ಅಲ್ಸೀನ ನಿಂತಿದ್ದಳು. ಅಪ್ಪಟ ಕಪ್ಪು. ತಲೆಯ ಮೇಲೂ ಕಪ್ಪು ವಸ್ತ್ರ. ಬಿಸಿಲಿಗೆ ಕೈ ಅಡ್ಡ ಹಿಡಿದು ನಮ್ಮನ್ನು ಹುಡುಕುತ್ತಿದ್ದಳು. ನನ್ನನ್ನು ಕಂಡಳು, ಅಣ್ಣನನ್ನು ಕಂಡಳು. ಕೈ ಎತ್ತಿದಳು.

"ಹೋಗೋಣ ನಡೀರಿ. ಅಷ್ಟು ದೂರದಿಂದ ಬಂದು ನಿಂತಿದಾಳೆ" ಎಂದೆ.

ಅಗಪಿತು ಅಲುಗಾಡಲಿಲ್ಲ. "ಹಂದಿ ಇಲ್ದೆ ಹೋದ್ರೆ ಅಲ್ಲಿ ನಾನ್ಯಾರು? ಊಟಕ್ಕೆ ಬಂದ ನೆಂಟ. ಅವಳ ಗಂಡನ ಕಡೆಯೋರು ಏನಂತಾರೆ? ತವರು ಸತ್ತುಹೋಯ್ತು ಅಂತಾರೆ."

"ಅವಳು ಏನಂತಾಳೆ ಅದು ಕೇಳಿ."

"ಅವಳು ಏನೂ ಅನ್ನಲ್ಲ. ಅದೇ ಕಷ್ಟ."

ಡ್ರೈವರ್‌ಗೆ ಹೇಳಿ ಗಾಡಿ ತಿರುಗಿಸಿಬಿಟ್ಟ. ನಾನು ಹಿಂದೆ ಹಂದಿಯ ಪಕ್ಕ ಕುಳಿತಿದ್ದೆ, ಹಾಗಾಗಿ ನೋಡಬೇಕಾದವಳು ನಾನೇ ಆದೆ. ಅವಳು ಎತ್ತಿದ ಕೈ ಇಳಿಸಲಿಲ್ಲ. ತಿರುವಿನಲ್ಲಿ ಗೋಡೆ ಅಡ್ಡ ಬರುವವರೆಗೂ ಇಳಿಸಲಿಲ್ಲ.

ಮನೆಗೆ ಬಂದು ಅಗಪಿತು ಹಗ್ಗ ಹೊಸೆಯಲು ಕುಳಿತ. ಯಾಕೆ ಹಗ್ಗ ಎಂದು ಕೇಳಿದರೆ ಇನ್ನೊಂದು ಎಳೆ ಎಳೆದುಕೊಂಡ. ನಾನೇನು ನಿನ್ನೆ ಮೊನ್ನೆ ಬಂದವಳೇ? ಹೊಳೆಯ ಪಕ್ಕ ಪೊದೆಗಳ ನಡುವೆ ಆಚೆಗೆ ದಾಟುವ ಕಳ್ಳ ಹಾದಿಗಳಿವೆ. ಇಲಿದಾರಿ ಎನ್ನುತ್ತೇವೆ. ಪೆಟ್ರೋಲು, ಸಿಗರೇಟು, ಒಮ್ಮೊಮ್ಮೆ ಮದುವೆಯ ಹೆಣ್ಣೂ ಅಲ್ಲೇ ದಾಟಿದ್ದುಂಟು. ಹಂದಿಯ ಬಾಯಿ ಕಟ್ಟಿ ಹೊತ್ತು ದಾಟಿಸುವುದು ಅವನ ಯೋಚನೆ.

ನಾನು ಬೇಲಿಯ ಈಚೆಯಿಂದ ರೊಮಾನಳನ್ನು ಕೂಗಿದೆ. ಅವಳು ಬಂದವಳು "ನಾನು ಹೇಳಿರ್ಲಿಲ್ವಾ" ಎಂದು ಒಂದು ಮಾತೂ ಆಡಲಿಲ್ಲ. ಅದಕ್ಕೇ ನನಗೆ ಅವಳ ಮೇಲೆ ಇನ್ನಷ್ಟು ಅಭಿಮಾನ. ಹಗ್ಗದ ಇನ್ನೊಂದು ತುದಿ ಹಿಡಿದು ಅಗಪಿತುವಿನ ಎದುರು ಕುಳಿತಳು.

"ಅಣ್ಣ, ನಮ್ಮೂರ ಹಂದಿಗಳು ಸತ್ತವಲ್ಲ, ಆ ಮಾರಿ ಎಲ್ಲಿಂದ ಬಂತು ಗೊತ್ತಾ?"

"ಯಾರಿಗೆ ಗೊತ್ತು?"

"ಅದೇ. ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಯಾರದೋ ಚೀಲದಲ್ಲಿ ಒಂದು ತುಂಡು ಮಾಂಸ, ಯಾರದೋ ಚಪ್ಪಲಿಗೆ ಅಂಟಿದ ಕೆಸರು. ನೋಡೋಕೆ ನಿಮ್ಮ ಹಂದಿ ಚೆನ್ನಾಗಿದೆ. ಆಗ್ಲೂ ಹಿಂದಿನ ದಿನದವರೆಗೆ ಎಲ್ಲ ಚೆನ್ನಾಗೇ ಇದ್ವು."

"ನನ್ನ ಹಂದಿಗೆ ಕಾಯಿಲೆ ಇಲ್ಲ."

"ಇಲ್ಲ ಅಂತಾನೇ ಇಟ್ಕೊಳ್ಳೋಣ. ಇಲಿದಾರೀಲಿ ಒಂದ್ಸಲ ಸಿಕ್ಕಿಬಿದ್ರೆ ಹಂದಿ ಹೋಗುತ್ತೆ, ನಿಮ್ಮ ಪಾಸೂ ಹೋಗುತ್ತೆ. ಆಮೇಲೆ ಅಲ್ಸೀನಳನ್ನ ನೋಡೋದು ಎಲ್ಲಿಂದ? ಅಂಗಳದ ತುದಿಯಿಂದ್ಲಾ?"

ಅಗಪಿತುವಿನ ಕೈ ನಿಂತಿತು. ಅವನು ಅಲ್ಲಿ ಮೋಡ ನೋಡುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿದೆ ಎಂದು ಅವನಿಗೆ ಅವತ್ತೇ ತಿಳಿದದ್ದು.

ಅಷ್ಟರಲ್ಲಿ ಅಲ್ಸೀನಳದೇ ಫೋನ್ ಬಂತು. ನಾನು ಅದನ್ನು ಎಲ್ಲರಿಗೂ ಕೇಳುವಂತೆ ಚಾಪೆಯ ಮೇಲಿಟ್ಟೆ.

"ಅಣ್ಣ, ಊಟ ಆಯ್ತಾ?"

"ಹೂಂ." ಆಗಿರಲಿಲ್ಲ.

"ನೀನು ಇಲಿದಾರಿ ಯೋಚ್ನೆ ಮಾಡ್ತಿದೀಯ ಅಲ್ವಾ? ಬೇಡ, ಬಿಟ್ಬಿಡು. ನನ್ನ ಸುತ್ತಮುತ್ತ ಎಲ್ಲ ನಮ್ಮ ಕಡೆಯಿಂದ ಬಂದು ಉಳಿದೋರೇ. ಗದ್ದೆ ಇಲ್ಲ, ತೋಟ ಇಲ್ಲ. ಒಬ್ಬೊಬ್ಬರ ಮನೇಲೂ ಒಂದೆರಡು ಹಂದಿ, ಅದೇ ಮಕ್ಕಳ ಫೀಸು. ನಾಳೆ ಅವುಗಳಿಗೆ ಏನಾದ್ರೂ ಆದ್ರೆ, ಅಲ್ಸೀನಳ ತವರಿಂದ ಬಂತು ಅಂತಾರೆ. ಆಗ ನಾನು ಎಲ್ಲಿ ಬದುಕ್ಲಿ? ಅಲ್ಲಿಗೆ ಬರೋ ಹಾಗಿಲ್ಲ, ಇಲ್ಲಿರೋ ಹಾಗಿಲ್ಲ."

ಅಗಪಿತು ಫೋನಿನ ಹತ್ತಿರ ಬಗ್ಗಿದ. "ಮತ್ತೆ ನಿನ್ನ ಕಪ್ಪು?"



"ಇನ್ನೊಂದು ವರ್ಷ ಉಟ್ಕೊಂಡಿರ್ತೀನಿ ಅಣ್ಣ, ಅದೇನು ಭಾರ ಅಲ್ಲ. ಇವತ್ತು ಗಾಡಿ ತಿರುಗಿಸ್ಕೊಂಡು ಹೋದೆ ನೋಡು, ಅದು ಭಾರ. ಅಷ್ಟು ಹತ್ರ ಬಂದಿದ್ದೆ ನೀನು. ನಿನ್ನ ತಲೆ ಬೆಳ್ಳಗಾಗಿದೆ ಅಂತ ನನಗೆ ಯಾರೂ ಹೇಳಿರ್ಲಿಲ್ಲ."

ನನ್ನ ಗಂಡ ಅಳುವುದನ್ನು ನಾನು ಹೆಚ್ಚು ನೋಡಿಲ್ಲ. ಎದ್ದು ಒಲೆಯ ಕಡೆ ಹೋದೆ, ಅವನಿಗೆ ಅನುಕೂಲವಾಗಲಿ ಎಂದು.

ಮರುದಿನ ನಾವು ರೊಮಾನಳನ್ನೂ ಕರೆದುಕೊಂಡು ನಮ್ಮ ಕುಲದ ಮಾತಿನೊಡೆಯ ತಾಲೊ ಅಜ್ಜನ ಹತ್ತಿರ ಹೋದೆವು. ಶಾಸ್ತ್ರದ ಮಾತು ಆಡುವವರು, ಶಾಸ್ತ್ರ ಸರಿಯೋ ತಪ್ಪೋ ಹೇಳುವವರು ಅವರೇ. ಬಾಯಿ ತುಂಬ ಅಡಿಕೆ. ಎಲ್ಲವನ್ನೂ ಕೇಳಿ ರೊಮಾನಳ ಕಡೆ ತಿರುಗಿದರು.

"ಮನುಷ್ಯ ದಾಟಬಹುದು, ಹಂದಿ ದಾಟೋ ಹಾಗಿಲ್ಲ. ಹಾಗೇನಾ ಮಗಳೇ?"

"ಹೌದಜ್ಜ."

"ಬಟ್ಟೆ?"

"ಉಡುಗೊರೆಗೆ ಒಂದೆರಡು ತಾಯ್ಸ್ ಆದ್ರೆ ತಗೊಂಡು ಹೋಗಬಹುದು, ಕೇಳ್ಕೊಂಡು ಬಂದಿದೀನಿ. ಮಾರೋಕೆ ಅಂತ ಹೊರೆ ಹೊತ್ಕೊಂಡು ಹೋದ್ರೆ ಅದಕ್ಕೆ ಬೇರೆ ನಿಯಮ."

"ಆಚೆ ಹಂದಿ ಸಿಗೋದಿಲ್ವೋ?"

"ಸಿಗುತ್ತೆ. ಅದನ್ನೇ ನಾನೂ ಹೇಳೋಣ ಅಂತಿದ್ದೆ. ಇಲ್ಲಿಂದು ಇಲ್ಲೇ ಮಾರಿ, ಅಲ್ಲಿ ಒಂದು ಕೊಂಡ್ರೆ..."

"ಅದು ನಾನು ಸಾಕಿದ ಹಂದಿ ಆಗಲ್ಲವಲ್ಲ!" ಎಂದು ಅಗಪಿತು ನಡುವೆಯೇ ಬಾಯಿ ಹಾಕಿದ. "ದಿನಾ ಗಂಜಿ ಹಾಕುವಾಗ ಅವಳನ್ನ ನೆನೆಸ್ಕೊಂಡು ಹಾಕಿದೀನಿ ಅಜ್ಜ. ಅಂಗಡೀಲಿ ಕೊಂಡಿದ್ದು ಅದಕ್ಕೆ ಸಮ ಆಗುತ್ತಾ?"

ತಾಲೊ ಅಜ್ಜ ಕೆಂಪಗೆ ಉಗುಳಿ ಬಂದರು.

"ಹಂದಿ ತಾನಾಗಿ ಬಂದು, ನಾನು ಇಂಥವರ ಮನೆಯದು ಅಂತ ಹೇಳುತ್ತೇನೋ? ಹೇಳೋನು ನಾನು. ಯಾರ ತಾಯ್ಸ್ ಅದರ ಬೆನ್ನ ಮೇಲೆ ಬೀಳುತ್ತೋ, ಯಾರ ಹೆಸರು ನನ್ನ ಬಾಯಲ್ಲಿ ಬರುತ್ತೋ, ಅದು ಆ ಮನೆ ಹಂದಿ. ನಿನ್ನ ಹೆಂಡತಿ ನೇಯ್ದ ಬಟ್ಟೆ ಹೋಗುತ್ತೆ, ನಿನ್ನ ಕೈ ಹೋಗುತ್ತೆ, ನನ್ನ ಮಾತು ಹೋಗುತ್ತೆ. ಇನ್ನೇನು ಬೇಕು ನಿನಗೆ? ಅದರ ಬಾಲ ಹಿಡ್ಕೊಂಡೇ ಹೋಗ್ಬೇಕಾ?"

ಮೊದಲು ನಕ್ಕದ್ದು ರೊಮಾನ. ಆಮೇಲೆ ಅಗಪಿತು. ತುಂಬ ದಿನಗಳ ಮೇಲೆ.

ಹಂದಿಯನ್ನು ಕೆಳಗಿನ ಹಟ್ಟಿಯ ಒಂದು ಮದುವೆ ಮನೆಗೆ ಮಾರಿದೆವು. ಅವತ್ತು ಅಗಪಿತು ಮನೆಯಲ್ಲಿರಲಿಲ್ಲ, ತೋಟಕ್ಕೆ ಹೋಗಿದ್ದ. ತೋಟದಲ್ಲಿ ಅವತ್ತು ಕೆಲಸವೇನೂ ಇರಲಿಲ್ಲ. ಬಂದ ಹಣವನ್ನು ಗೇಟಿನ ಹತ್ತಿರ ಆಚೆ ದೇಶದ ರೂಪಿಯಾ ಮಾಡಿಸಿದೆವು. ಅದರಲ್ಲಿ ಇನ್ನೊಂದು ಹಂದಿಯನ್ನು ಆಚೆ ಅಲ್ಸೀನಳ ಪಕ್ಕದ ಮನೆಯ ವಿಧವೆಯ ಗೂಡಿನಿಂದಲೇ ಕೊಂಡೆವು. ಆಕೆಯ ಮಗನ ಕಾಲೇಜಿನ ಖರ್ಚಿಗೆ ಅದು ಆಯಿತು.

ನಾನು ಸೊಂಟಕ್ಕೆ ಮಗ್ಗ ಕಟ್ಟಿಕೊಂಡು ಆ ವಾರವೆಲ್ಲ ಕುಳಿತು ತಾಯ್ಸ್ ಮುಗಿಸಿದೆ. ಮಕ್ಕಳಿಗೆ ಬೇಯಿಸಿದ ಗೆಣಸೇ ಊಟ. ಯಾರೂ ದೂರಲಿಲ್ಲ. ನಾನು ನೇಯುತ್ತಿದ್ದರೆ ರೊಮಾನ ಪಕ್ಕದಲ್ಲಿ ಅಡಿಕೆ ಸುಲಿಯುತ್ತ ಕುಳಿತಿರುತ್ತಿದ್ದಳು.

"ಜುಲ್ಮೀರಕ್ಕ, ಈಗ ಸಂತೇಲಿ ಯಂತ್ರದಲ್ಲಿ ಅಚ್ಚು ಹಾಕಿದ ತಾಯ್ಸ್ ನೋಡಿದೀರಾ? ನಮ್ಮದೇ ಚಿತ್ತಾರ, ಹೊರಗಿನ ಬಟ್ಟೆ, ನಮ್ಮ ಬೆಲೆಯ ಕಾಲುಭಾಗ."

"ನೋಡಿದೀನಿ. ಹೊಟ್ಟೆ ಉರೀತು."

"ಉರಿಸ್ಕೊಂಡು ಕೂತ್ರೆ ಆಗಲ್ಲ. ಕೂಟದ ನಿಯಮದಲ್ಲಿ ಒಂದು ಮಾತಿದೆ. ಸುಂಕ ಕಡಿಮೆ ಆಗೋದು ಕೂಟದ ದೇಶಗಳಲ್ಲೇ ಆದ ಸಾಮಾನಿಗೆ ಮಾತ್ರ. ಎಲ್ಲಿಂದಲೋ ತರಿಸಿ, ಇಲ್ಲಿ ಮಡಚಿಟ್ಟು, ಇದು ನಮ್ಮದು ಅಂದ್ರೆ ಒಪ್ಪಲ್ಲ. ನಾವು ನೇಯ್ದಿದ್ದು ನಾವೇ ನೇಯ್ದಿದ್ದು ಅಂತ ತೋರಿಸೋಕೆ ಆಗ್ಬೇಕು. ಒಬ್ಬೊಬ್ಬರೇ ಹೋದ್ರೆ ಯಾರು ಕೇಳ್ತಾರೆ? ಹತ್ತು ಜನ ಸೇರಿ ಸಂಘ ಮಾಡಿ, ಸಂಘದ ಹೆಸರಲ್ಲಿ ಹೋಗೋಣ."

"ಮೊಟ್ಟೆಗೂ ಸಂಘ ಮಾಡಿದ್ರೆ?"

"ಮೊಟ್ಟೆಗೆ ಬೇರೆ ದಾರಿ. ಶಾಲೆಯ ಮಧ್ಯಾಹ್ನದ ಊಟಕ್ಕೆ ಊರಿನ ಮೊಟ್ಟೇನೇ ತಗೊಳ್ಳಿ ಅಂತ ಊರಾಡಳಿತ ನೋಡೋ ಸೂಕು ಕಚೇರೀಲಿ ಕೇಳೋಣ. ನಮಗೆ ಸಿಕ್ಕಿರೋದು ಕಾಲ ಅಕ್ಕ. ಕಾಲ ಮುಗಿದ ಮೇಲೆ ಕೇಳಿದ್ರೆ ಉಪಯೋಗ ಇಲ್ಲ."

ಮೊಟ್ಟೆಯ ಕಥೆ ಇನ್ನೂ ನಡೆಯುತ್ತಿದೆ. ಗೆದ್ದೆವೆಂದು ನಾನು ಹೇಳುವುದಿಲ್ಲ. ಸೂಕು ಮುಖಂಡ "ನೋಡೋಣ" ಎಂದಿದ್ದಾರೆ. ನಾವು ವಾರಕ್ಕೊಮ್ಮೆ ಹೋಗಿ ಅವರ ಮುಂದೆ ಕೂರುತ್ತೇವೆ, ಅವರು ನೋಡುವುದನ್ನು ಮರೆಯದಿರಲಿ ಎಂದು.

ಶಾಸ್ತ್ರದ ದಿನ ನಾವು ಮೂವರೂ ಗೇಟಿನಲ್ಲಿ ನಮ್ಮ ನಮ್ಮ ಪಾಸು ತೋರಿಸಿ ನಡೆದೇ ದಾಟಿದೆವು. ನನ್ನ ಕೈಯಲ್ಲಿ ತಾಯ್ಸ್, ತಾಲೊ ಅಜ್ಜನ ಕೈಯಲ್ಲಿ ಕೋಲು, ಅಗಪಿತುವಿನ ಕೈ ಖಾಲಿ. ಆ ಖಾಲಿ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಜೇಬಿನಲ್ಲಿ, ಒಮ್ಮೆ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ. ಅಲ್ಸೀನ ಕಮಾನಿನ ಕೆಳಗೇ ಕಾದಿದ್ದಳು. ಅವನ ಎರಡೂ ಕೈ ಹಿಡಿದುಕೊಂಡಳು. ಮನೆ ಮುಟ್ಟುವವರೆಗೂ ಬಿಡಲಿಲ್ಲ.

ತಾಲೊ ಅಜ್ಜ ಹಂದಿಯ ಬೆನ್ನ ಮೇಲೆ ನನ್ನ ತಾಯ್ಸ್ ಹಾಸಿ, ನಮ್ಮ ಮನೆಯ ಹೆಸರನ್ನು, ಅದರ ಹಿಂದಿನವರ ಹೆಸರನ್ನು, ಅವರ ಹಿಂದಿನವರ ಹೆಸರನ್ನು ಕರೆದರು. ಗಂಡನ ಕಡೆಯವರು ಎದ್ದು ನಿಂತು ಕೇಳಿದರು. ತವರು ಬಂತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಆಮೇಲೆ ಅಗಪಿತು ತಂಗಿಯ ತಲೆಯ ಮೇಲಿನ ಕಪ್ಪು ವಸ್ತ್ರದ ಗಂಟು ಬಿಚ್ಚಿದ. ಗಂಟು ಬಿಗಿಯಾಗಿತ್ತು. ಉಗುರು ಹಾಕಿ ಮೆಲ್ಲಗೆ ಸಡಿಲಿಸಿದ. ಅವಳು ಪುಟ್ಟ ಹುಡುಗಿಯ ಹಾಗೆ ತಲೆ ಬಗ್ಗಿಸಿ ಸುಮ್ಮನೆ ನಿಂತಿದ್ದಳು. ವಸ್ತ್ರ ಇಳಿದಾಗ ನೋಡಿದೆವು, ಅವಳ ತಲೆಯೂ ಬೆಳ್ಳಗಾಗಿತ್ತು.

"ನಿನಗೂ ಯಾರೂ ಹೇಳಿರ್ಲಿಲ್ಲ ಅಲ್ವಾ?" ಎಂದಳು.

ಗಡಿಯ ಊರುಗಳ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಮ್ಮ ದೇಶ ದೊಡ್ಡ ಕೂಟಕ್ಕೆ ಸೇರಿದೆ. ಬಾಗಿಲು ತೆರೆಯುತ್ತಿದೆ, ಆದರೆ ನಿಧಾನಕ್ಕೆ, ಒಂದೊಂದು ಸಾಮಾನಿಗೆ ಒಂದೊಂದು ಅಳತೆಯಲ್ಲಿ. ಅದು ನಮ್ಮ ಕಡೆಗೂ ತೆರೆಯುತ್ತದೆ, ಆಚೆಯ ಸಾಮಾನೂ ಒಳಗೆ ಬರುತ್ತದೆ ಎಂಬುದನ್ನು ಮರೆಯಬೇಡಿ. ಪ್ರಾಣಿ, ಮಾಂಸ, ಗಿಡ, ಬೀಜ ಏನನ್ನೇ ಒಯ್ಯುವ ಮುನ್ನ ಗೇಟಿನಲ್ಲಿ ಒಮ್ಮೆ ಕೇಳಿ. ಕೇಳುವುದಕ್ಕೆ ಹಣ ಕೊಡಬೇಕಾಗಿಲ್ಲ. ಇಲಿದಾರಿ ಹಿಡಿಯಬೇಡಿ. ನೀವು ಬೆಳೆಯುವ, ನೇಯುವ, ಸಾಕುವ ವಸ್ತುವಿಗೆ ಬೇಲಿ ಯಾವಾಗ ತಗ್ಗುತ್ತದೆ ಎಂದು ಸೂಕು ಕಚೇರಿಯಲ್ಲಿ ವಿಚಾರಿಸಿ. ಗೊತ್ತಿಲ್ಲ ಎಂದರೆ ಗೊತ್ತು ಮಾಡಿಕೊಂಡು ಹೇಳಿ ಎನ್ನಿ. ಒಬ್ಬರೇ ಹೋಗಬೇಡಿ, ಸಂಘವಾಗಿ ಹೋಗಿ.

ಪೂರ್ತಿ ತೆರೆಯುವ ದಿನಕ್ಕೆ ಕಾಯುತ್ತ ಕೂರಬೇಡಿ. ಇವತ್ತು ಎಷ್ಟು ತೆರೆದಿದೆಯೋ ತಿಳಿದುಕೊಂಡು, ಅಷ್ಟರಲ್ಲೇ ಹೋಗಿ ಬನ್ನಿ. ಆಚೆ ಒಬ್ಬರು ಬಿಸಿಲಿಗೆ ಕೈ ಅಡ್ಡ ಹಿಡಿದು ನಿಮ್ಮ ದಾರಿ ನೋಡುತ್ತಿರಬಹುದು.